ಕತ್ತಲಾಗ ಇಳಸಬೇಕು

ಕೋಳಿ ಹಿಡಿಯೂದು ಕತ್ತಲಾಗ ಹಿಡೀಬೇಕು,
ಕತ್ತಲಾಗಽ ಇಳಸಬೇಕು, ಅಂತಿದ್ದಳು ನಮ್ಮತ್ತಿ ಗಂಗಿಮಾಳವ್ವ.
ಬೆಳಕು ಹರದಾಗ ಅವಕ್ಕ ಅನಸಬೇಕಂತ:
ನಾವೆಲ್ಲೂ ಹೋಗಿಲ್ಲ,
ಹಿತ್ತಲ ಅಷ್ಟಽ ಮಗ್ಗಲಾ ಬದಲಿಸೇತಿ.

ಬ್ಯಾಡಗಿಯೊಳಗ ಹದಿನಾಕು ವರ್ಷ
ಮೆಣಸಿನಕಾಯಿ ತೊಟ್ಟು ಮುರದ ಕೈ ಇವು.
ಎಷ್ಟು ತೊಳದರೂ ಕಣ್ಣಿಗೆ ಹಚ್ಚೂ ಹಂಗಿರಲಿಲ್ಲ.
ಆ ಓಣಿಯಾಗ ಸೀನದಽ ಒಂದು ಮಾತು ಮುಗಿಸಿದವರಿಲ್ಲ.
ಸಾಹುಕಾರರು ಟೇಪು ಹಿಡದು ಹಿತ್ತಲ ಅಳದರು,
ಕೋಲ್ಡ್ ಸ್ಟೋರೇಜ್ ಏಳತೈತಿ, ಮನಿ ಬಿಡ್ರಿ ಅಂದರು.
ಮೆಣಸಿನಕಾಯಿಗೆ ತಂಪು ಮನಿ ಬೇಕಂತ!
ಸಿಟ್ಟು ಬರಲಿಲ್ಲ ನನಗ, ನಗಿ ಬಂತು.

ಎರಡು ಬುಟ್ಟಿ, ಉಳ್ಳಾಗಡ್ಡಿ ಕ್ರೇಟು ಒಂದು, ಮ್ಯಾಲ ಹಳೇ ಸೀರಿ.
ದೀಪ ಆರಿಸಿ ಗೂಡಿನಾಗ ಕೈ ಹಾಕಿದೆ.
ಗಿಡ್ಡಿ. ಕುಂಟಿ. ಮಸಿಮೂತಿ.
ಲೆಕ್ಕದ ಬಾಯಾರು, ಕಾಳು ಎಣಿಸಿ ತಿನ್ನಾಕಿ.
ಓಣಿಗೆಲ್ಲ ಜೋರು ಮಾಡೂ ಹುಂಜ
ನನ್ನ ಬಗಲಾಗ ಬಂದರ, ಅವನ ಎದಿ ಹೊಲಗಿ ಮಷೀನು.
ಹನ್ನೊಂದು.
ಹನ್ನೆರಡಾಗಬೇಕಿತ್ತು.
ಬ್ಯಾಟರಿ ಹಿಡದು ಬೇವಿನಗಿಡ ನೋಡಿದೆ,
ಹಜರತಬಿ ತನ್ನ ತಗಡಿನ ಮ್ಯಾಲ ನೋಡಿದಳು,
ಟಾಟಾ ಏಸಿನ ಮೌನೇಶ ಎರಡು ಸಲ ಹಾರ್ನ್ ಹೊಡದ.
ಕೆಂಚಿ ಸಿಗಲಿಲ್ಲ.

ಶಿಗ್ಗಾವಿ ದಾಟೂತನಕ ಯಾವೂ ಸೊಲ್ಲೆತ್ತಲಿಲ್ಲ.
ತಡಸ ಕ್ರಾಸಿನಾಗ ಲಾರಿ ಒದರಿದ್ದಕ್ಕ
ಬುಟ್ಟಿ ಒಮ್ಮೆ ಕೊಸರಿತು.
ಶ್, ಅಂದೆ. ಯಾರಿಗೆ ಅಂದೆನೋ.

ಹುಬ್ಬಳ್ಳಿ, ಭೈರಿದೇವರಕೊಪ್ಪ. ಇಲ್ಲಿ ಹಿತ್ತಲ ಅಂದರ
ನೀರಿನ ಟಾಕಿಗೂ ಕಂಪೌಂಡಿಗೂ ನಡುವ ಮೂರು ಮಾರು.
ನನಗ ಹಾಸ್ಟೆಲಿನಾಗ ದಿನಾ ಮುನ್ನೂರು ರೊಟ್ಟಿ ಬಡಿಯೂ ಕೆಲಸ.
ಕತ್ತಲಾಗಽ ಇಳಿಸಿದೆ, ಅತ್ತಿ ಹೇಳಿದಂಗ.
ಆದರ ಇಲ್ಲಿ ಕತ್ತಲಽ ಇಲ್ಲಲ್ಲ!
ಚಿಗರಿ ಬಸ್ಸಿನ ದಾರಿಗೆ ರಾತ್ರಿ ಇಡೀ ದೀಪ.
ಹುಂಜ ಎರಡಕ್ಕ ಕೂಗಿದ, ಮೂರಕ್ಕ ಕೂಗಿದ,
ಆಮ್ಯಾಲ ತಪ್ಪು ಮಾಡಿದವರಗತೆ
ಖರೇ ಬೆಳಗಾದಾಗ ಸುಮ್ಮನಾದ.
ಮ್ಯಾಲಿನ ಮನಿಯವರು ಕಿಡಕಿ ಹಾಕಿಕೊಂಡ ಸಪ್ಪಳ.

ಮೂರು ದಿನ ಮುಚ್ಚಿಟ್ಟು ನಾಕನೇ ದಿನ ಬಾಗಲಾ ತಗದೆ.
ಯಾವೂ ಹೊರಗ ಬರಲಿಲ್ಲ.
ಬಾಳ ಹೊತ್ತಿಗೆ ಲೆಕ್ಕದ ಬಾಯಾರು ಒಂದು ಕಾಲು ಇಟ್ಟರು,
ಇನ್ನೊಂದು ಹೊಟ್ಟಿಗೆ ಹಚ್ಚಿಕೊಂಡು ನಿಂತರು.
ಸಿಮೆಂಟು ಕೆದರಿದರು. ಮತ್ತೊಮ್ಮೆ ಕೆದರಿದರು.
ನನ್ನ ಮಾರಿ ನೋಡಿದರು.
ನಾ ಆ ಕಡೆ ನೋಡಿದೆ.
ಸಂಜಿಮುಂದ ಉಣಕಲ್ಲ ಕಡಿಂದ ಎರಡು ಬುಟ್ಟಿ ಮಣ್ಣು ಹೊತ್ತು ತಂದು ಸುರದೆ.

ಬ್ಯಾಡಗಿಯೊಳಗ ಇವಕ್ಕ ಮೆಣಸಿನ ಬೀಜಽ ಕಾಳು.
ತತ್ತಿ ಒಡದರ ಒಳಗ ಹಳದಿ ಅಲ್ಲ, ಕೆಂಪು,
ಹೊತ್ತು ಮುಳಗೂಮುಂದಿನ ಕೆಂಪು.
ಇಲ್ಲಿ ಬಂದ ಮೊದಲನೇ ವಾರ ಹಂಗಽ ಇದ್ದುವು.
ಆಮ್ಯಾಲ ಕುಂಬಳಕಾಯಿ ಬಣ್ಣ.
ಮೊನ್ನೆ ಒಡದದ್ದು ಬರೇ ಕಡ್ಲಿಹಿಟ್ಟು.
ಸಣ್ಣಾಕಿ ತಿಂದು ಸಾಲಿಗೆ ಹೋದಳು, ಏನೂ ಅನಲಿಲ್ಲ.
ನಾ ಹಂಚಿನ ಮುಂದಽ ನಿಂತಿದ್ದೆ.
ಕೈ ಮೂಸಿದೆ: ಜ್ವಾಳದ ಹಿಟ್ಟಿನ ವಾಸನಿ.
ಯಾರೂ ಇರಲಿಲ್ಲ, ಬಟ್ಟು ಕಣ್ಣಿಗೆ ಹಚ್ಚಿ ನೋಡಿದೆ.
ಉರೀಲಿಲ್ಲ.

ನಿನ್ನೆ ಹಜರತಬಿ ಫೋನು.
ನಿನ್ನ ಕೆಂಚಿ ಅದಾಳವಾ ಇಲ್ಲೇ,
ರಾತ್ರಿ ಕಾಂಕ್ರೀಟ್ ಮಿಲ್ಲರಿನ ಮ್ಯಾಲ ಕೂಡತಾಳ,
ಗೌಂಡ್ಯಾರು ಅನ್ನ ಹಾಕತಾರ.
ಉಸುಕಿನ ಗುಂಪಿಯಾಗ ಮೂರು ತತ್ತಿ ಇಟ್ಟಾಳ.
ಅಕಿನ್ನ ಹಿಡದು ಕಳಸಲೇನು?

ಬ್ಯಾಡ, ಅಂದೆ. ತತ್ತಿ ನೀನಽ ತಿನ್ನು.
ಫೋನು ಇಡೂಮುಂದ ತಡೀಲಾರದ ಕೇಳಿದೆ:
ಒಡದಿಯೇನು? ಒಳಗ ಹೆಂಗಿತ್ತು?
ತಡಿ, ಅಂದಳು.
ಅಂದು ಸೀನಿದಳು,
ಒಂದಲ್ಲ, ಮೂರು ಸಲ.