ಆರು ಮೀಟರಿನಿಂದ ಅನಂತ

ಎರಡು ಲೆನ್ಸು, ಒಂದು ಬಂಡೆ, ಬಾಜಿಗೆ ಒಂದು ಬುಟ್ಟಿ ಹೊಗೆಮೀನು.
ಸೋತವರು ಗೆದ್ದವರ ಬಾಗಿಲಿಗೇ ಮುಟ್ಟಿಸಬೇಕು. ಷರತ್ತು ಓಡ್ಲೈಫನದು.
ವಾರ್ಡೊದಿಂದ ದೋಣಿಯಲ್ಲಿ ಹತ್ತು ನಿಮಿಷ;
ಹೊರ್ನೊಯಾ ದ್ವೀಪಕ್ಕೆ ಕಾಲಿಟ್ಟಾಗ ರಾತ್ರಿ ಹನ್ನೊಂದು,
ಬಿಸಿಲಿಗೆ ಇನ್ನೂ ಪಾಳಿ ಮುಗಿದಿರಲಿಲ್ಲ.

ಓಡ್ಲೈಫ್, ನನ್ನ ಅಕ್ಕನ ಗಂಡ, ಹೊಸದನ್ನು ತಂದಿದ್ದ.
ಟ್ರೊಮ್ಸೊ ಅಂಗಡಿಯ ಬಾಡಿಗೆ ಚೀಟಿ ಇನ್ನೂ ಅದರ ಕೊರಳಲ್ಲಿ.
ನನ್ನದಕ್ಕೆ ಇಪ್ಪತ್ತೆರಡು ವರ್ಷ,
ಬಣ್ಣ ಎದ್ದು ಒಳಗಿನ ಲೋಹ ಹಲ್ಲು ಕಿರಿಯುತ್ತದೆ.

"ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತೆ" ಅಂದ.
"ಯಾರ ಕಣ್ಣು? ನಿನ್ನದೋ, ಹಕ್ಕಿಯದೋ?"

ಪಫಿನ್ ಅಂದರೆ ಹಾರುವುದನ್ನು ತಡವಾಗಿ ಕಲಿತ ಮೀನುಗಾರ:
ಗಿಡ್ಡ ರೆಕ್ಕೆ, ಎಸೆದ ಆಲೂಗಡ್ಡೆಯ ದಾರಿ,
ಗಾಳಿ ತಳ್ಳಿದ ಕಡೆಗೆ ಅರ್ಧ, ತನಗೆ ಬೇಕಾದ ಕಡೆಗೆ ಅರ್ಧ.
ಅದನ್ನು ಹಿಡಿದ ಲೆನ್ಸು ಏನನ್ನಾದರೂ ಹಿಡಿದೀತು.

ನನ್ನದು ಹುಡುಕಿತು.
ಗರ್ರ್ ಎಂದು ಸಮುದ್ರದಂಚಿಗೆ ಹೋಯಿತು,
ಗರ್ರ್ ಎಂದು ಬೂಟಿನ ಹತ್ತಿರದ ಹುಲ್ಲಿಗೆ ಬಂತು,
ಹಣೆಯ ಮೇಲಿನ ಕನ್ನಡಕಕ್ಕೆ ಮನೆಯೆಲ್ಲ ತಡಕಾಡಿದ ಹಾಗೆ.
ಅಷ್ಟರಲ್ಲಿ ಹಕ್ಕಿ ಬಿಲ ಹೊಕ್ಕು ಮರಿಗೆ ಉಣಿಸಿಯೂ ಆಗಿತ್ತು.

ಅವನದಕ್ಕೆ ಸದ್ದೇ ಇಲ್ಲ.
ಒಂದು ಹಸಿರು ಚೌಕ ಹಕ್ಕಿಯ ಕಣ್ಣಿಗೆ ಕೂತಿತು,
ಉಣ್ಣೆಗೆ ಹತ್ತಿದ ಮುಳ್ಳುಕಾಯಿ;
ಹೊರಳಿದರೂ ಬಿಡಲಿಲ್ಲ, ಹೊಳೆದರೂ ಬಿಡಲಿಲ್ಲ.
ಇಪ್ಪತ್ತರಲ್ಲಿ ಹದಿನೇಳು ಚೂಪು. ನನ್ನವು ನಾಲ್ಕು,
ಅದರಲ್ಲೊಂದು ಬರಿಯ ಬಾಲ.

ಸರಿ, ಓಟದಲ್ಲಿ ಸೋತೆ. ಕೈಯ ಮಾತೇನು?

ಇಪ್ಪತ್ತೊಂಬತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಕಾಡ್ ಸೀಳಿದವಳು ನಾನು.
ಒಳ್ಳೆಯ ಚೂರಿ ಯಾವುದೆಂದು ಮಣಿಕಟ್ಟಿಗೆ ಗೊತ್ತು:
ಊಟದ ಗಂಟೆ ಹೊಡೆದಾಗ ಅದು ಕೈಯಲ್ಲಿದೆಯೆಂಬುದೇ ಮರೆತಿರಬೇಕು.
ಅವನದು ಜೂಮ್ ಮಾಡಿದರೆ ಮೂತಿ ಚಾಚುತ್ತದೆ,
ಭಾರ ಅಂಗೈಯಿಂದ ಜಾರಿ ಬೆರಳ ತುದಿಗೆ ನಡೆಯುತ್ತದೆ,
ಉಂಗುರ ಪೂರ್ತಿ ತಿರುಗಲು ಎರಡು ಸಲ ಹಿಡಿತ ಬದಲಿಸಬೇಕು.
ನನ್ನದು ಉದ್ದವಾಗುವುದಿಲ್ಲ, ಗಿಡ್ಡವಾಗುವುದಿಲ್ಲ;
ಏನಿದ್ದರೂ ಒಳಗೊಳಗೇ ಸರಿಸಿಕೊಳ್ಳುತ್ತದೆ, ನಮ್ಮೂರ ಗಂಡಸರ ಹಾಗೆ.
ದಪ್ಪ ಕೈಗವಸಿನಲ್ಲೂ ಹೆಬ್ಬೆರಳು ದಾರಿ ತಪ್ಪುವುದಿಲ್ಲ.
ಒಂದು ಗಂಟೆಯ ಹೊತ್ತಿಗೆ ಓಡ್ಲೈಫ್ ಭುಜ ತಿಕ್ಕಿಕೊಂಡ,
ನಾನು ನೋಡಲಿಲ್ಲವೆಂದುಕೊಂಡು.

ಆಮೇಲೆ, ಕನಿಕರಕ್ಕೋ ಏನೋ, ಅವನೇ ಹೇಳಿಕೊಟ್ಟ:
"ಆ ಪಕ್ಕದ ಸ್ವಿಚ್ ಸರಿಸು. ಆರು ಮೀಟರಿನಿಂದ ಅನಂತ.
ಹತ್ತಿರದ್ದನ್ನು ಹುಡುಕಬೇಡ ಅನ್ನು ಅದಕ್ಕೆ. ಓಡುತ್ತೆ."
ಇಪ್ಪತ್ತೆರಡು ವರ್ಷ ನಾನು ಮುಟ್ಟದ ಸ್ವಿಚ್.
ಅದರ ಪಕ್ಕ ಮಗ್ಗುಲಾಗಿ ಮಲಗಿದ ಒಂದು ಎಂಟು.
ಅನಂತಕ್ಕೆ ಕೊಟ್ಟ ಜಾಗ ಅಷ್ಟೇ, ಅಕ್ಕಿಕಾಳಿನಷ್ಟು.

ಓಡಿತು. ನಾಲ್ಕಿದ್ದದ್ದು ಹನ್ನೊಂದಾಯಿತು.

ಆಗ ಬಂತು ಅದು,
ಕೊಕ್ಕಿನ ಎರಡೂ ಕಡೆ ಬೆಳ್ಳಿಮೀನು ಮೀಸೆಯಂತೆ ಇಳಿಬಿಟ್ಟುಕೊಂಡು,
ಇಷ್ಟು ದೊಡ್ಡ ದ್ವೀಪ ಬಿಟ್ಟು ನನ್ನಿಂದ ನಾಲ್ಕು ಮೊಳ ದೂರಕ್ಕೆ.
ಓಡ್ಲೈಫನ ಲೆನ್ಸಿಗೆ ಅದು ಬರಿಯ ಕಿತ್ತಳೆ ಮಂಜು;
ಅಷ್ಟು ಹತ್ತಿರದ್ದು ಅದಕ್ಕೆ ಹುಟ್ಟಿನಿಂದಲೇ ಕಾಣದು.
ನನ್ನದಕ್ಕೆ ಕಾಣುತ್ತಿತ್ತು, ಸ್ವಿಚ್ ಸರಿಸಿರದಿದ್ದರೆ.
ಬೆನ್ನಿಗೆ ಬಂಡೆ. ಕದಲುವಂತಿಲ್ಲ.
ಹಕ್ಕಿ ಎಡಗಣ್ಣಲ್ಲಿ ಅವನನ್ನು ನೋಡಿತು,
ಕತ್ತು ತಿರುಗಿಸಿ ಬಲಗಣ್ಣಲ್ಲಿ ನನ್ನನ್ನು,
ಅಂಗಡಿಯಲ್ಲಿ ಎರಡು ಸರಕು ಹೋಲಿಸುವವರಂತೆ,
ಯಾವುದೂ ಬೇಡವೆಂದು ನಡೆದುಹೋಯಿತು.

ಕಣ್ಣು ಸಮುದ್ರದ ಮೇಲಿಟ್ಟೇ ಓಡ್ಲೈಫ್ ಅಂದ:
"ಗುನ್‌ವೋರ್ ಕೇಳುತ್ತಿದ್ದಳು ನಿನ್ನ."
ಅಕ್ಕನ ಮನೆಗೂ ನನ್ನ ಮನೆಗೂ ನಡುವೆ ನಾಲ್ಕೇ ಬಾಗಿಲು.
ಐದು ಚಳಿಗಾಲ.

ಬಾಜಿ ಸೋತದ್ದು ನಾನು, ಲೆಕ್ಕದಲ್ಲಿ ಅನುಮಾನವಿಲ್ಲ.
ವಾಪಸು ದೋಣಿಯಲ್ಲಿ ಎದುರು ಕೂತವನ ಕಡೆಗೆ ಲೆನ್ಸು ಎತ್ತಿ
ಸ್ವಿಚ್ಚನ್ನು ಹಿಂದಕ್ಕೆ ಸರಿಸಿದೆ.
ಗರ್ರ್ ಎಂದು ಹೋಯಿತು, ಬಂತು, ಮತ್ತೆ ಹೋಯಿತು,
ಕೊನೆಗೆ ಅವನ ಮೂಗಿನ ತುದಿಯ ಹನಿಯ ಮೇಲೆ ನಿಂತಿತು.