ನೂರಿಪ್ಪತ್ತು, ಎಂಬತ್ತು

ಮಂಡ್ಯದ ಆಸ್ಪತ್ರೆಯಲ್ಲಿ ನನ್ನ ಮೊದಲ ತಿಂಗಳು
ಯಾರಿಗೂ ಏನೂ ಆಗಿರಲಿಲ್ಲ.
ಹದಿನಾರು ಮಂಚ, ಹದಿನಾರು ಚಾರ್ಟು,
ಎಲ್ಲದರಲ್ಲೂ ನನ್ನ ದುಂಡನೆಯ ಅಕ್ಷರ:
ನೂರಿಪ್ಪತ್ತು, ಎಂಬತ್ತು.

ಸ್ಟೆತಸ್ಕೋಪ್ ಕಿವಿಗೆ ಸಿಕ್ಕಿಸಿಕೊಂಡರೆ
ಕೇಳುತ್ತಿದ್ದುದು ನನ್ನದೇ ಎದೆ.
ಪಾದರಸ ಸರ್ರನೆ ಇಳಿಯುತ್ತಿತ್ತು
ಬಾವಿಗೆ ಬಿಟ್ಟ ಹಗ್ಗ ಕೈಜಾರಿದಂತೆ,
ತಳದಿಂದ ಒಂದು ಸದ್ದೂ ಇಲ್ಲ.
ಮೇಡಂ ಬೆನ್ನ ಹಿಂದೆ ನಿಂತು "ಎಷ್ಟು?" ಎಂದರೆ
ಪುಸ್ತಕದಲ್ಲಿದ್ದದ್ದು ಬಾಯಿಗೆ ಬರುತ್ತಿತ್ತು.

ಹನ್ನೊಂದನೇ ಮಂಚದ ಆಲೆಮನೆ ಬೋರಣ್ಣ,
ಪಾಕ ಸಿಡಿದು ಎಡಗೈ ಬೆಂದವನು,
ಒಂದು ದಿನ ಕೇಳಿಯೇಬಿಟ್ಟ:
"ಅಲ್ಲಾ ಕಣವ್ವ, ನಂಗೂ ಈ ಪಕ್ಕದ ಮುದುಕಂಗೂ
ದಿನಾ ಒಂದೇ ಲೆಕ್ಕವಾ?
ಅಣ್ತಮ್ದೀರು ಪಾಲು ಹಾಕ್ಕಂಡಂಗೆ ಅದಲ್ಲ!"
ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ.
ಬಟ್ಟೆ ಕೋಣೆಗೆ ಹೋಗಿ
ಒಗೆದಿಟ್ಟ ಹೊದಿಕೆಗೆ ಮುಖ ಒತ್ತಿದೆ.

ಮೂರನೇ ವರ್ಷದ ನಗೀನಾ ಅಲ್ಲಿ
ದಿಂಬಿನ ಗವಸು ಎಣಿಸುತ್ತಿದ್ದಳು.
ಎಣಿಕೆ ನಿಲ್ಲಿಸಲಿಲ್ಲ.
"ಏ ಕಿಕ್ಕೇರಿ,"
(ಹಾಸ್ಟೆಲಿನಲ್ಲಿ ಕಿರಿಯರಿಗೆಲ್ಲ ಊರಿನದೇ ಹೆಸರು)
"ನಾನೂ ಎರಡು ತಿಂಗ್ಳು ಹಂಗೇ ಬರ್ದೆ.
ನಂದು ನೂರಾ ಹತ್ತು, ಎಪ್ಪತ್ತು. ಅಷ್ಟೇ ವ್ಯತ್ಯಾಸ.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು... ಒಂದು ಕಮ್ಮಿ ಐತೆ.
ಊಟ ಆದ್ಮೇಲೆ ಮಾಳಿಗೆಗೆ ಬಾ."

ಮಾಳಿಗೆಯ ಮೇಲೆ ಒಣಗಿದ ಯೂನಿಫಾರಂ ಸಾಲು,
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ನೀರಿನ ತೊಟ್ಟಿಯ ಕಟ್ಟೆಗೆ ಕೂತು
ಬಳೆಗಾರನ ಮುಂದೆ ಚಾಚುವಂತೆ ತೋಳು ಚಾಚಿದಳು.
"ಮೊದ್ಲು ಬೆರಳಲ್ಲಿ ಹುಡುಕು. ಮಡಿಕೆ ಒಳಗೆ, ಈ ಕಡೆಗೆ.
ಸಿಕ್ತಾ? ಅದರ ಮೇಲೇ ಇಡು.
ಗಾಳಿ ಬಿಡೋದು ನಿಧಾನ.
ಹಾಲು ಉಕ್ಕೋವಾಗ ಉರಿ ತಗ್ಗಿಸ್ತೀಯಲ್ಲ, ಹಂಗೆ."

ಕೇಳಿಸಲಿಲ್ಲ.
ಮತ್ತೆ.
ಮೈಸೂರಿನ ರೈಲು ಬಂತು, ಅದು ದಾಟುವತನಕ
ಇಬ್ಬರೂ ಸುಮ್ಮನೆ ಕೂತೆವು.
ಮತ್ತೆ.
"ಕೇಳಿಸ್ತಾ?"
"ಹೂಂ."
"ಸುಳ್ಳು."
ಕಣ್ಣು ಹನಿಗೂಡಿತು. ಅವಳು ಸಮಾಧಾನ ಮಾಡಲಿಲ್ಲ.
"ಕೇಳಿಸ್ಲಿಲ್ಲ ಅನ್ನೋದನ್ನ ಮೊದ್ಲು ಕಲಿ.
ಆಮೇಲೆ ಕೇಳಿಸ್ತದೆ."

ಐದನೆಯ ರಾತ್ರಿಯೋ, ಆರನೆಯದೋ,
ಹಗ್ಗ ಜಾರುತ್ತ ಜಾರುತ್ತ
ಕೊಡ ನೀರಿಗೆ ತಾಕಿತು:
ಡಬ್.
ಡಬ್, ಡಬ್, ಡಬ್,
ಆಮೇಲೆ ಮಂಕಾಗಿ, ಆಮೇಲೆ ಇಲ್ಲ.

ಕುಣಿದಾಡಬೇಕಿತ್ತು ನಾನು.
ಪಾದರಸದ ಪಕ್ಕದ ಗೆರೆ ನೋಡಿ ಬಾಯಿ ಒಣಗಿತು.
ನನ್ನದೇ ತಪ್ಪಿರಬೇಕು.
ಇಪ್ಪತ್ತೊಂದರ ಹುಡುಗಿ,
ಎರಡೂ ಕೈಲಿ ಬಕೆಟ್ಟು ಹಿಡಿದು ಮೂರು ಮಹಡಿ ಹತ್ತುವವಳು.
"ಎಷ್ಟು?"
ನಾಲಗೆಯ ತುದಿಗೆ ಬಂದು ನಿಂತಿದ್ದ
ಹಳೆಯ ನೆಂಟ: ನೂರಿಪ್ಪತ್ತು, ಎಂಬತ್ತು.
ನುಂಗಿಕೊಂಡೆ.
"ನೂರ ಐವತ್ತೆರಡು. ತೊಂಬತ್ತೆಂಟು."

ತೋಳಿನ ಪಟ್ಟಿ ಬಿಚ್ಚಲಿಲ್ಲ ಅವಳು.
"ಸ್ವಲ್ಪ ಬಿಟ್ಟು ಇನ್ನೊಂದ್ಸಲ ನೋಡು."
ನೋಡಿದೆ. ಅದೇ.
"ಖಾತ್ರಿನಾ?"
ಅಲ್ಲಿಯವರೆಗೆ ಯಾರೂ
ನನ್ನನ್ನು ಆ ಮಾತು ಕೇಳಿರಲಿಲ್ಲ.
"ಖಾತ್ರಿ, ಅಕ್ಕ."

ಹದಿನೈದು ದಿನದಿಂದ ತಲೆನೋವಂತೆ.
ತನಗೆ ತಾನೇ ಮೂರು ಸಲ ನೋಡಿಕೊಂಡಳಂತೆ,
ಮೂರು ಸಲವೂ ತಪ್ಪು ಕೇಳಿಸಿತು ಅಂದುಕೊಂಡಳಂತೆ.
"ನನ್ ಕಿವೀನ ನಾನೇ ನಂಬ್ಲಿಲ್ಲ ಕಣೆ" ಎಂದು
ತೊಟ್ಟಿಯ ನೀರಿನಲ್ಲಿ ಮುಖ ತೊಳೆದಳು, ಬಹಳ ಹೊತ್ತು.

ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ
ಚೀಟಿ ಹಿಡಿದು ಅವಳು,
ಅವಳ ಚೀಲ ಹಿಡಿದು ನಾನು.

ತಡವಾಗಿ ವಾರ್ಡಿಗೆ ಬಂದೆ.
ಬೋರಣ್ಣ ಬೇಯದ ಕೈ ಚಾಚಿದ.
ನೂರ ಮೂವತ್ತಾರು, ಎಂಬತ್ತೆಂಟು.
"ಅಂತೂ ಪಾಲು ಬೇರೆ ಆಯ್ತು ಅನ್ನವ್ವ!"

ಹನ್ನೆರಡನೇ ಮಂಚದ ಮುದುಕನದು ಕೇಳಿಸಲಿಲ್ಲ.
ಎರಡು ಸಲ ನೋಡಿ
ಮೇಡಂ ಕೂತಿದ್ದ ಮೇಜಿನ ತನಕ ನಡೆದುಹೋಗಿ,
ಇಡೀ ವಾರ್ಡಿಗೆ ಕೇಳಿಸುವಂತೆ,
ಹಾಗಂತಲೇ ಹೇಳಿದೆ.