ಎಡ ಅಂಚು

ನನ್ನ ಹೆಸರು ಸುಭಾಷಿಣಿ.
ಇಟ್ಟವರು ಅಜ್ಜ. ತೊಟ್ಟಿಲಲ್ಲಿದ್ದವಳು
ನಾಲ್ಕು ವರ್ಷ ಬಾಯಿ ಬಿಡುವುದಿಲ್ಲವೆಂದು
ಅವರಿಗೆ ಹೇಗೆ ಗೊತ್ತಿರಬೇಕು.

ಇವತ್ತು ಆ ಹೆಸರು ಪ್ಲಾಸ್ಟಿಕ್ ಲಕೋಟೆಯೊಳಗೆ ಕೂತು
ನೀಲಿ ದಾರದಲ್ಲಿ ಎದೆಯ ಮೇಲೆ ತೂಗುತ್ತಿದೆ,
ಹೆಬ್ಬಾಳದ ಹೋಟೆಲೊಂದರ ಎರಡನೇ ಮಹಡಿಯಲ್ಲಿ.
ನಡೆವಾಗ ಅದು ತಾನಾಗಿ ಹಿಂದುಮುಂದಾದರೆ
ನಾನು ಸರಿಮಾಡುವುದಿಲ್ಲ.

ಹನ್ನೊಂದು ವರ್ಷ ಮಾಗಡಿ ರಸ್ತೆಯ ನೆಲಮಾಳಿಗೆ ಲ್ಯಾಬಿನಲ್ಲಿ
ರಕ್ತದ ಜೊತೆಗೇ ನನ್ನ ಒಡನಾಟ.
ರಕ್ತ ಕೈಕುಲುಕುವುದಿಲ್ಲ,
ನೀವು ಯಾವ ಕಡೆಯವರು ಅನ್ನುವುದಿಲ್ಲ.
ಗಾಜಿನ ಮೇಲೆ ತೆಳ್ಳಗೆ ಎಳೆದರೆ
ಒಣಗುವ ತನಕ ಕಾಯುತ್ತದೆ, ನಾನೂ ಕಾಯುತ್ತೇನೆ.
"ಹೋಗಿ ಬಾ, ನಾಲ್ಕು ಜನರ ಪರಿಚಯವಾಗಲಿ" ಅಂತ
ಡಾಕ್ಟರ್ ಪ್ರಿಸಿಲ್ಲಾ ದುಡ್ಡು ಕಟ್ಟಿಯೇ ಬಿಟ್ಟಿದ್ದರು.
ನಾಲ್ಕು ಜನ!
ಎಣಿಸುವುದು ನನ್ನ ಕಸುಬು:
ಎಂಟೂವರೆಗೆ ನೂರಿಪ್ಪತ್ತು, ಒಂಬತ್ತಕ್ಕೆ ಮುನ್ನೂರು ದಾಟಿತು.
ಎಣಿಕೆ ಬಿಟ್ಟು ಕಾಫಿ ಹಿಡಿದೆ.

ಕಾಫಿಯದು ಒಂದು ಉಪಕಾರ:
ಒಂದು ಕೈ ಅದಕ್ಕೆ, ಇನ್ನೊಂದು ಬಿಸ್ಕತ್ತಿಗೆ,
ಕುಲುಕಲು ಮೂರನೆಯದಿಲ್ಲ.
ಆದರೂ ಬಂದರೊಬ್ಬರು, ಯಂತ್ರ ಮಾರುವವರು,
ಮುಗುಳ್ನಗೆಯನ್ನು ಇಸ್ತ್ರಿ ಮಾಡಿಸಿ ತಂದ ಹಾಗೆ.
"ದಿನಕ್ಕೆ ಎಷ್ಟು ಸ್ಯಾಂಪಲ್ ಮೇಡಂ?"
ಹೇಳಬೇಕೆಂದುಕೊಂಡದ್ದು: ಮಳೆಗಾಲದಲ್ಲಿ ತೊಂಬತ್ತು,
ಸೋಮವಾರ ಜಾಸ್ತಿ, ಹಬ್ಬದ ಮಾರನೇ ದಿನ ಸಕ್ಕರೆಯವೇ ಎಲ್ಲ.
ಹೇಳಿದ್ದು: "ಇರುತ್ತವೆ."

ಊಟದ ಹೊತ್ತಿಗೆ ಶೌಚಾಲಯದ ಚಿಲಕ ಹಾಕಿಕೊಂಡು
ಆರು ನಿಮಿಷ ನಿಂತೆ. ಪಕ್ಕದಲ್ಲೂ ಯಾರೋ
ನೀರು ಬಿಡದೆ, ಕೆಮ್ಮದೆ, ಸುಮ್ಮನೆ ನಿಂತಿದ್ದರು.
ಮೊದಲು ಅವರು ಹೋಗಲಿ ಅಂತ ನಾನು,
ನಾನು ಹೋಗಲಿ ಅಂತ ಅವರು.
ಇಡೀ ಸಮ್ಮೇಳನದಲ್ಲಿ
ನನ್ನ ಅತಿ ದೀರ್ಘ ಭೇಟಿ ಅದೇ.

ಹೊರಗೆ, ಮೂಲೆಯ ಮಳಿಗೆಯಲ್ಲೊಂದು ಮೈಕ್ರೋಸ್ಕೋಪು.
ಕಾಯುವ ಹುಡುಗ ಊಟಕ್ಕೆ ಹೋಗಿದ್ದ.
'ಇದೇನು? ಬರೆದು ಡಬ್ಬಿಗೆ ಹಾಕಿ, ಬಹುಮಾನ ಗೆಲ್ಲಿ.'
ಕಣ್ಣಿಟ್ಟೆ. ಸದ್ದು ನಿಂತಿತು.
ಮಲೇರಿಯಾ. ಬಾಳೆಹಣ್ಣಿನ ಬಾಗಿನ ಫಾಲ್ಸಿಪಾರಂ,
ಯಾರಾದರೂ ಹೇಳುವಂಥದ್ದು.
ಆದರೆ ಪೌರಕಾರ್ಮಿಕರು ಬೀದಿ ಗುಡಿಸಿದ ಹಾಗೆ
ಈ ತುದಿಯಿಂದ ಆ ತುದಿಗೆ ನೋಡದೆ
ಏಳುವುದು ನನಗೆ ಬರುವುದಿಲ್ಲ.
ಎಡ ಅಂಚಿನಲ್ಲಿ, ಬಣ್ಣ ತೆಳುವಾದಲ್ಲಿ,
ಊದಿಕೊಂಡ ಒಂದೇ ಒಂದು ಕಣ, ಒಳಗೆಲ್ಲ ಚುಕ್ಕಿ:
ವೈವಾಕ್ಸ್.
ಅದಕ್ಕೆ ಯಾರೂ ದಾರ ತೊಡಿಸಿರಲಿಲ್ಲ.
ಚೀಟಿಯಲ್ಲಿ ಬರೆದೆ: ಎರಡೂ ಇವೆ, ಎಡ ಅಂಚು ನೋಡಿ.
ಹೆಸರಿನ ಗೆರೆ ಖಾಲಿ ಬಿಟ್ಟೆ.

ಸಂಜೆ ವೇದಿಕೆಯಲ್ಲಿ ಮೈಕು ಕಿರ್ರೆಂದಿತು.
"ಇನ್ನೂರ ಹದಿನಾಲ್ಕು ಚೀಟಿ. ಒಂದರಲ್ಲಿ ಮಾತ್ರ
ಎರಡಿವೆ ಅಂತ ಬರೆದಿದ್ದಾರೆ. ಸ್ಲೈಡು ತಂದ ನಮಗೇ ಗೊತ್ತಿರಲಿಲ್ಲ.
ಮತ್ತೆ ನೋಡಿದೆವು. ಇದೆ.
ಯಾರು ಬರೆದದ್ದು, ದಯವಿಟ್ಟು ಎದ್ದು ನಿಲ್ಲಿ."
ಮುನ್ನೂರು ಕತ್ತು ತಿರುಗಿದವು. ನಾನೂ ತಿರುಗಿಸಿದೆ,
ಯಾರಿರಬಹುದಪ್ಪಾ ಅನ್ನುವ ಮುಖ ಮಾಡಿಕೊಂಡು.
ಮಂಡಿಗಳೆರಡೂ ಏಳಲು ಹೊರಟವು,
ಸುಳ್ಳು ಯಾಕೆ ಹೇಳಲಿ.
ಚಪ್ಪಾಳೆ ಬಿತ್ತು, ಯಾರೂ ನಿಲ್ಲದ ಜಾಗಕ್ಕೆ.
ಬಹುಮಾನದ ಮಿಕ್ಸಿ ಯಾರ ಪಾಲಾಯಿತೋ.

ಮೇಲುಸೇತುವೆಯ ಮೇಲೆ ಬಸ್ಸು ಆಮೆ.
ಕಂಡಕ್ಟರು ಆಧಾರ್ ಕೇಳಿದ. ಚೀಲ ತಡಕಿದೆ,
ಕೈಗೆ ಬಂದದ್ದು ನೀಲಿ ದಾರ.
ಬಗ್ಗಿ, ಒಂದಕ್ಷರವೂ ಬಿಡದೆ ಓದಿದ: "ಸು-ಭಾ-ಷಿ-ಣಿ.
ಏನ್ ಮೇಡಂ, ಭಾಷಣ ಇತ್ತಾ?"
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ.
"ಇತ್ತು" ಅಂದೆ.
ಅವನು ಆಗಲೇ ಮುಂದಿನ ಸೀಟಿಗೆ ಹೊರಟಿದ್ದ,
ಕೇಳಿಸುವಷ್ಟು ಗಟ್ಟಿಯಾಗಿ ಸೇರಿಸಿದೆ:
"ಒಂದೇ ಸಾಲು. ಚೆನ್ನಾಗಿ ಬಂತು."